ಸೋಪು ಎಲ್ಲಿದೆ, ತೋರಿಸಿ

ನಮ್ಮ ಮನೆಯ ಮಹಡಿ,
ಬುಧವಾರ, ಬೆಳಿಗ್ಗೆ ಏಳು ಗಂಟೆ,
ಬಸ್ಸು ನಿಂತ ಎಪ್ಪತ್ತೊಂದನೆಯ ದಿನ

ಪ್ರೀತಿಯ ದೊಡ್ಡ ಗುಬ್ಬಚ್ಚಿಗೆ,

ಇಷ್ಟು ದಿನ ಬರೀ ಗುಬ್ಬಚ್ಚಿ ಎನ್ನುತ್ತಿದ್ದೆ. ಈಗ ಮನೆಗೆ ಇನ್ನೊಂದು ಬಂದಿರುವುದರಿಂದ ನಿನಗೆ ಬಡ್ತಿ ಕೊಟ್ಟಿದ್ದೇನೆ. ಹೇಗಿದ್ದೀಯ? ಹೊಲಿಗೆ ಹಾಕಿದ ಜಾಗದ ನೋವು ಪೂರ್ತಿ ಹೋಯಿತೇ, ಇಲ್ಲ ತವರಿನಲ್ಲಿ ನನ್ನ ಅತ್ತೆಗೆ ಹೆದರಿ ಹೋಯಿತು ಅನ್ನುತ್ತಿದ್ದೀಯೋ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಮಗಳು ಹಗಲೆಲ್ಲ ನಿದ್ದೆ ಹೊಡೆದು ನಸುಕಿಗೇ ಎದ್ದು ನಿಮ್ಮನ್ನೆಲ್ಲ ಕುಣಿಸುತ್ತಾಳೆ ಎಂದು ಅತ್ತೆ ಹೇಳಿದರು. ಪಾಪ, ಅವಳ ತಪ್ಪಲ್ಲ. ಅವಳಪ್ಪ ಹನ್ನೊಂದು ವರ್ಷ ಮೊದಲ ಬಸ್ಸಿನ ಡ್ಯೂಟಿ ಮಾಡಿದವನು. ನಾಲ್ಕಕ್ಕೆ ಏಳುವುದು ರಕ್ತದಲ್ಲೇ ಇಳಿದಿರಬೇಕು. ಮಾವನ ಸೊಂಟ ಹೇಗಿದೆ? ತೊಟ್ಟಿಲನ್ನು ತಾನೇ ಎತ್ತಿ ಇಡುತ್ತೇನೆಂದು ಹಟ ಹಿಡಿಯದಿರಲಿ.

ನಿನ್ನೆ ತಾನೇ ಫೋನಿನಲ್ಲಿ ಮಾತಾಡಿ ಇವತ್ತು ಪತ್ರ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ನಮ್ಮದು ಫೋನಲ್ಲ, ಸಂತೆ. ಅಲ್ಲಿ ನಿನ್ನ ಎಡಕ್ಕೆ ಅತ್ತೆ, ಬಲಕ್ಕೆ ಮಾವ, ಹಿಂದೆ ನಿನ್ನ ಚಿಕ್ಕಪ್ಪ. ಇಲ್ಲಿ ನನ್ನ ಭುಜದ ಮೇಲೆ ಅಮ್ಮನ ಗಲ್ಲ. ನಾನು "ಹೇಗಿದ್ದೀಯ" ಎಂದು ಕೇಳಿದರೆ ನಾಲ್ಕು ಗಂಟಲು ಒಟ್ಟಿಗೆ "ಚೆನ್ನಾಗಿದ್ದೀವಿ" ಎನ್ನುತ್ತವೆ. ಗಂಡಹೆಂಡತಿ ಆಡಿಕೊಳ್ಳುವ ಮಾತು ಒಂದಾದರೂ ಆ ಗದ್ದಲದಲ್ಲಿ ಹೊರಡುತ್ತದೆಯೇ? ಔಷಧದ ವ್ಯಾನಿನ ಡ್ರೈವರ್ ನನ್ನ ಹಳೆಯ ಸ್ನೇಹಿತ, ನಿನಗೂ ಗೊತ್ತು, ನಮ್ಮ ಮದುವೆಯಲ್ಲಿ ಎರಡು ಸಲ ಊಟಕ್ಕೆ ಕೂತವನು. ನಿಮ್ಮ ಊರಿಗೆ ಹೋಗಲು ಅವನಿಗೆ ಪರವಾನಗಿ ಇದೆ. ಒಂಬತ್ತಕ್ಕೆ ಹೊರಡುತ್ತಾನೆ, ಅಷ್ಟರಲ್ಲಿ ಬರೆದು ಮುಗಿಸಬೇಕು. ನಿನಗೆ ಹೇಳದೆ ಮುಚ್ಚಿಟ್ಟ ಒಂದು ವಿಷಯ ಇದರಲ್ಲಿ ಇದೆ. ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ, ಎಲ್ಲವೂ ಒಳ್ಳೆಯದಾಗಿಯೇ ಮುಗಿದಿದೆ. ಬೈಯುವುದಿದ್ದರೆ ಕೊನೆಯವರೆಗೆ ಓದಿ ಬೈ.

ಮಗಳು ಹುಟ್ಟಿದ ಮೂರನೆಯ ದಿನ ಡಿಪೋದಿಂದ ಕರೆ ಬಂತಲ್ಲ, "ಆಫೀಸು ಕೆಲಸಕ್ಕೆ ಹಾಕಿದ್ದಾರೆ" ಎಂದು ನಿನಗೆ ಹೇಳಿದ್ದೆ. ಅದು ಅರ್ಧ ಸತ್ಯ. ಬಸ್ಸು ನಿಂತು ಸುಮ್ಮನೆ ಕೂತ ಕಂಡಕ್ಟರುಗಳನ್ನೆಲ್ಲ ಆರೋಗ್ಯ ಕಚೇರಿಯವರು ಸಮೀಕ್ಷೆಗೆ ಎಳೆದುಕೊಂಡರು. ಮನೆಮನೆಗೆ ಹೋಗಿ ಈ ರೋಗದ ಬಗ್ಗೆ ಜನರಿಗೆ ಏನು ಗೊತ್ತು, ಅವರ ಮನಸ್ಸಿನಲ್ಲಿ ಏನಿದೆ, ನಿಜವಾಗಿ ಏನು ಮಾಡುತ್ತಿದ್ದಾರೆ ಎಂದು ಕೇಳಿ ಬರೆಯುವುದು. ತಿಳಿವಳಿಕೆಗೆ ಹತ್ತು ಪ್ರಶ್ನೆ, ಮನೋಭಾವಕ್ಕೆ ಆರು, ನಡವಳಿಕೆಗೆ ಎಂಟು. ನನಗೆ ಸಿಕ್ಕಿದ್ದು ನಮ್ಮದೇ ಮೂರು ಬೀದಿ, ಇನ್ನೂರ ಹನ್ನೆರಡು ಮನೆ. ಜೊತೆಗೆ ಹೈಸ್ಕೂಲಿನ ಲೆಕ್ಕದ ಮೇಡಂ. ಕರಿಹಲಗೆಗೆ ಗೆರೆ ಎಳೆಯುವ ಆ ಉದ್ದನೆಯ ಮರದ ಸ್ಕೇಲನ್ನು ಅವರು ಮನೆಯಿಂದಲೇ ತಂದಿದ್ದರು. ಯಾರಾದರೂ ಹತ್ತಿರ ಬಂದರೆ ಅದನ್ನು ಅಡ್ಡ ಹಿಡಿದು "ಇದರ ಆಚೆ" ಎನ್ನುವರು. ಮೊದಲ ದಿನ ನನಗೂ ಅದೇ ಮರ್ಯಾದೆ. ಹನ್ನೊಂದು ವರ್ಷ "ಮುಂದೆ ಬನ್ನಿ, ಒಳಗೆ ಬನ್ನಿ, ಹತ್ತಿರ ಹತ್ತಿರ ನಿಲ್ಲಿ" ಎಂದು ಕೂಗಿದ ಗಂಟಲು ನನ್ನದು. "ಹಿಂದೆ ಸರೀರಿ, ದೂರ ನಿಲ್ಲಿ" ಎಂದು ಹೇಳಲು ನಾಲಿಗೆ ಹೊರಳಿಸಿಕೊಳ್ಳಲು ಎರಡು ದಿನ ಬೇಕಾಯಿತು. ಒಂದು ಮನೆಯ ಮುಂದೆ ಅಭ್ಯಾಸಬಲದಿಂದ ಸೀಟಿ ಊದಿಬಿಟ್ಟೆ. ಮನೆಯವರೆಲ್ಲ ಚೀಲ ಹಿಡಿದು ಹೊರಗೆ ಓಡಿಬಂದರು, ಬಸ್ಸು ಶುರುವಾಯಿತು ಅಂತ!

ಮೊದಲ ವಾರ ನಮ್ಮ ಬೀದಿಗಳನ್ನು ನೋಡಿದ್ದರೆ ನೀನು ಹೆಮ್ಮೆಪಡುತ್ತಿದ್ದೆ. ರೋಗ ಹೇಗೆ ಹರಡುತ್ತದೆ, ಎಷ್ಟು ದಿನಕ್ಕೆ ಕಾಣಿಸಿಕೊಳ್ಳುತ್ತದೆ, ಕೈ ಎಷ್ಟು ಹೊತ್ತು ತೊಳೆಯಬೇಕು, ಎಲ್ಲವೂ ಬಾಯಿಪಾಠ. ಮೂಲೆಯ ವಾಚ್ ರಿಪೇರಿ ಅಜ್ಜ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ, ಮುಂದಿನ ಪ್ರಶ್ನೆಯನ್ನೂ ತಾನೇ ಕೇಳಿಕೊಂಡು ಅದಕ್ಕೂ ಉತ್ತರ ಕೊಟ್ಟ. ಮಾಸ್ಕ್ ಹಾಕುವುದು ಎಲ್ಲರ ಕರ್ತವ್ಯ ಎಂದು ಕಾಲು ಗಂಟೆ ಭಾಷಣ ಮಾಡಿದ ಮಹಾನುಭಾವನ ಮಾಸ್ಕ್ ಗಲ್ಲದ ಕೆಳಗೆ ಗಡ್ಡದ ಹಾಗೆ ನೇತಾಡುತ್ತಿತ್ತು. ಇನ್ನೊಂದು ಮನೆಯಲ್ಲಿ "ಇರೋದು ನಾವಿಬ್ಬರೇ, ಯಾರನ್ನೂ ಮನೆಗೆ ಸೇರಿಸಲ್ಲ" ಎಂದರು. ಬಾಗಿಲಲ್ಲಿ ಒಂಬತ್ತು ಜೊತೆ ಚಪ್ಪಲಿ. ಒಳಗಿನಿಂದ ಇಸ್ಪೀಟು ಕಲೆಸುವ ಸದ್ದು. ನಾನು ಚಪ್ಪಲಿ ನೋಡಿದೆ, ಅವರು ನಾನು ನೋಡಿದ್ದನ್ನು ನೋಡಿದರು, ಮೇಡಂ ಮಾತ್ರ ತಲೆ ಎತ್ತದೆ "ಇಬ್ಬರು" ಎಂದು ಬರೆದುಕೊಂಡರು. ಫಾರಂ ಏನು ಕೇಳುತ್ತದೋ ಅದನ್ನು ಕೇಳಬೇಕು, ಜನ ಏನು ಹೇಳುತ್ತಾರೋ ಅದನ್ನು ಬರೆಯಬೇಕು, ಅದು ಅವರ ನಿಯಮ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ಫಾರಂನಲ್ಲಿ ಜಾಗವಿರಲಿಲ್ಲ.

ವಾರದ ಕೊನೆಗೆ ಕೂಡಿ ನೋಡಿದರೆ ತಿಳಿವಳಿಕೆಯಲ್ಲಿ ನೂರಕ್ಕೆ ತೊಂಬತ್ತೆಂಟು, ಮನೋಭಾವದಲ್ಲಿ ತೊಂಬತ್ತಾರು, ನಡವಳಿಕೆಯಲ್ಲಿ ತೊಂಬತ್ತೈದು. ಇಡೀ ಊರಿಗೇ ನಾವು ಫಸ್ಟ್. ಕಚೇರಿಯಲ್ಲಿ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಒಬ್ಬರು ಮಾತ್ರ ತಟ್ಟಲಿಲ್ಲ. ನಮ್ಮ ಭಾಗದ ಜವಾಬ್ದಾರಿ ಅವರದು. ಚಿಕ್ಕ ವಯಸ್ಸು, ದಿನವಿಡೀ ಮಾತಾಡಿ ಮಾತಾಡಿ ಗಂಟಲು ಕಟ್ಟಿಹೋಗಿತ್ತು. ಮೂವತ್ತು ಖಾಲಿ ಕುರ್ಚಿಗಳ ಜ್ವರ ತಪಾಸಣೆ ಶಿಬಿರವನ್ನು ತೋರಿಸಿ, ಪಿಸುಗುಟ್ಟುವ ದನಿಯಲ್ಲಿ ಅಂದರು: "ನಿಮ್ಮ ಮೂರು ಬೀದಿಯಿಂದ ಇಲ್ಲಿಗೆ ಒಬ್ಬರೂ ಬಂದಿಲ್ಲ. ಆದರೆ ಅದೇ ಬೀದಿಯ ಔಷಧದ ಅಂಗಡೀಲಿ ಜ್ವರದ ಮಾತ್ರೆ ಖಾಲಿಯಾಗಿದೆ. ಇಷ್ಟು ಚೆನ್ನಾಗಿ ನಡ್ಕೊಳ್ಳೋ ಜನರಿಗೆ ಇಷ್ಟೊಂದು ಮಾತ್ರೆ ಯಾಕ್ರೀ ಬೇಕು?" ಆಸ್ಪತ್ರೆಗೆ ಬಂದ ನಮ್ಮ ಬೀದಿಯ ಇಬ್ಬರು ಉಸಿರು ಸಿಕ್ಕಿಕೊಂಡ ಮೇಲೆಯೇ ಬಂದರಂತೆ. ಎರಡು ದಿನ ಮೊದಲು ಬಂದಿದ್ದರೆ ಸುಲಭವಿತ್ತಂತೆ. ಮೇಡಂ ಫಾರಂನ ಕಟ್ಟನ್ನು ಎದೆಗೆ ಒತ್ತಿಕೊಂಡರು. ನನಗೂ ಆ ತೊಂಬತ್ತೈದು ಖೋಟಾ ನೋಟಿನ ಹಾಗೆ ಕಾಣತೊಡಗಿತು.

ಗುಬ್ಬಚ್ಚಿ, ನನಗೆ ಓದು ಹೆಚ್ಚಿಲ್ಲ, ಆದರೆ ಸುಳ್ಳು ಹೇಳುವ ಜನರ ನಡುವೆ ಹನ್ನೊಂದು ವರ್ಷ ನಿಂತುಕೊಂಡೇ ಕಳೆದಿದ್ದೇನೆ. "ಟಿಕೆಟ್ ಆಯ್ತಾ?" ಎಂದು ಕೇಳಿದರೆ ಇಡೀ ಬಸ್ಸು "ಆಯ್ತು" ಎನ್ನುತ್ತದೆ. ಅವರು ಕೆಟ್ಟವರಲ್ಲ, ಆ ಪ್ರಶ್ನೆಗೆ ಅದೊಂದೇ ಮರ್ಯಾದೆಯ ಉತ್ತರ. ಅದಕ್ಕೇ ನಾನು ಹಾಗೆ ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. "ಎಲ್ಲಿ ಹತ್ತಿದ್ರಿ?" ಎಂದು ಕೇಳುತ್ತೇನೆ. ಟಿಕೆಟ್ ತೆಗೆದುಕೊಂಡವರು ತಟ್ಟನೆ ಹೇಳುತ್ತಾರೆ. ಇಲ್ಲದವರು ಕಿಟಕಿಯಾಚೆ ನೋಡುತ್ತಾರೆ. ಇದನ್ನು ಮೇಡಂಗೆ ಹೇಳಿ, ಕೈ ತೊಳೆಯುತ್ತೀರಾ ಎಂದು ಕೇಳಿದ ಮೇಲೆ, ಸೋಪು ಎಲ್ಲಿದೆ ತೋರಿಸಿ ಅಂತ ಇನ್ನೊಂದು ಮಾತು ಸೇರಿಸೋಣ ಎಂದೆ. ಅವರು ಸ್ಕೇಲನ್ನು ನೆಲಕ್ಕೆ ಕುಟ್ಟಿ, "ಕಂಡಕ್ಟರೇ, ಪ್ರಶ್ನೆಪತ್ರಿಕೆ ತಿದ್ದೋದಕ್ಕೆ ನಾವ್ಯಾರು?" ಎಂದರು. ಹತ್ತು ಹೆಜ್ಜೆ ನಡೆದು ತಾವೇ ನಿಂತರು. "ಪೆನ್ನಲ್ಲಿ ಬೇಡ, ಅಂಚಿನಲ್ಲಿ ಪೆನ್ಸಿಲಲ್ಲಿ ಬರ್ಕೊಳ್ಳೋಣ" ಎಂದರು. ಲೆಕ್ಕ ಗೊತ್ತಿದ್ದವರೇ ಹಾಗೆ, ತಪ್ಪು ಉತ್ತರದ ಮೇಲೆ ಅವರಿಗೆ ನಿದ್ದೆ ಬರುವುದಿಲ್ಲ.

ಆಮೇಲೆ ಶುರುವಾಯಿತು ನೋಡು ನಿಜವಾದ ಸಮೀಕ್ಷೆ. ಒಬ್ಬಾಕೆ ಸೋಪು ತಂದು ತೋರಿಸಿದಳು, ಅಂಗಡಿಯಿಂದ ಬಂದ ಕಾಗದವನ್ನೇ ಇನ್ನೂ ಬಿಚ್ಚಿರಲಿಲ್ಲ. ಒಂದು ಮನೆಯಲ್ಲಿ ಅದು ಗಾಜಿನ ಬೀರುವಿನೊಳಗೆ ಇತ್ತು, ಹಂಸದ ಆಕಾರದ ಸೋಪು, ಯಾರೋ ಮದುವೆಗೆ ಉಡುಗೊರೆ ಕೊಟ್ಟಿದ್ದಂತೆ, "ಇದರಲ್ಲಿ ಕೈ ತೊಳೀತೀರಾ?" ಎಂದರೆ "ಅಯ್ಯೋ, ಅದು ಕರಗಿ ಹೋಗಲ್ವಾ?" ಎಂದರು. ನಗು ತಡೆಯಲು ನಾನು ಬೀದಿಗೆ ತಿರುಗಿ ನಿಂತೆ. ಆದರೆ ಎರಡನೇ ಬೀದಿಯ ನಾಲ್ಕು ಅಂತಸ್ತಿನ ಹಳೇ ಕಟ್ಟಡದಲ್ಲಿ ನಗು ನಿಂತಿತು. ಅಲ್ಲಿ ಇಪ್ಪತ್ತು ಸಂಸಾರಕ್ಕೆ ಕೆಳಗೆ ಒಂದೇ ನಲ್ಲಿ. ಮೇಲಿನವರು ಪ್ರತಿ ಸಲ ಎಪ್ಪತ್ತೆರಡು ಮೆಟ್ಟಿಲು ಇಳಿದು ಹತ್ತಬೇಕು. ನಲ್ಲಿಯ ಹತ್ತಿರ ಸೋಪು ಇಟ್ಟರೆ ಸಂಜೆಗೆ ಮಾಯ. ಅವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ, ಇಲ್ಲದ್ದು ನೀರು. ಮತ್ತೆ ಇನ್ನೊಂದು ತುದಿಯಲ್ಲಿ ಆ ಕಸರತ್ತಿನ ಪೈಲ್ವಾನ್ ಇದ್ದಾನಲ್ಲ, ತೋಳು ಬಾಳೆದಿಂಡಿನ ಹಾಗಿರುವವನು, "ನನಗೆ ಯಾವ ಭಯಾನೂ ಇಲ್ಲ" ಎಂದು ಬರೆಸಿದ. ಸೋಪು ತೋರಿಸು ಎಂದರೆ ಒಂದು ಪೆಟ್ಟಿಗೆ ತುಂಬ ತಂದಿಟ್ಟ. ಅವನ ಎರಡೂ ಅಂಗೈ ಒಡೆದು ರಕ್ತ ಜಿನುಗುತ್ತಿತ್ತು. ದಿನಕ್ಕೆ ನೂರು ಸಲ ತೊಳೆಯುತ್ತಿದ್ದನಂತೆ. ಮೇಡಂ ತಮ್ಮ ಚೀಲದಿಂದ ಕೈಗೆ ಹಚ್ಚುವ ಕ್ರೀಮನ್ನು ತೆಗೆದು ಸ್ಕೇಲಿನ ತುದಿಯ ಮೇಲಿಟ್ಟು ಅವನತ್ತ ಚಾಚಿದರು. ಅಷ್ಟು ದೊಡ್ಡ ಮನುಷ್ಯ ಬಾಗಿಲಿಗೆ ಒರಗಿಕೊಂಡು ಅತ್ತುಬಿಟ್ಟ.

ಜ್ವರದ ಪ್ರಶ್ನೆ ಮಾತ್ರ ನನಗೂ ಬಗೆಹರಿಯಲಿಲ್ಲ. "ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯೇ?" ಎಂದರೆ ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಲ್ಲರೂ ಹಣೆ ಮುಟ್ಟಿಕೊಂಡು "ಇಲ್ಲ" ಎನ್ನುತ್ತಿದ್ದರು. ಯಾಕೆ ಹೇಳುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಹೇಳಿದರೆ ಸೈರನ್ ಹೊಡೆದುಕೊಂಡು ವ್ಯಾನ್ ಬರುತ್ತದೆ, ಬಾಗಿಲಿಗೆ ಕೆಂಪು ಚೀಟಿ ಅಂಟುತ್ತದೆ, ಹಾಲಿನವನು ಎದುರು ಮನೆಯಿಂದಲೇ ತಿರುಗಿ ಹೋಗುತ್ತಾನೆ. ಇದಕ್ಕೆ ಉಪಾಯ ಕಂಡುಹಿಡಿದವರು ಮೇಡಂ. ಒಂದು ಮನೆಯಲ್ಲಿ ಎಲ್ಲ ಮುಗಿದ ಮೇಲೆ ಫಾರಂ ಮಡಚುತ್ತ, ಏನೋ ಲೋಕಾಭಿರಾಮದ ಹಾಗೆ, "ಇವತ್ತು ಬೆಳಿಗ್ಗೆ ಚಹಾ ಮಾಡಿದ್ದು ಯಾರು?" ಎಂದರು. ಮನೆಯ ಯಜಮಾನ ತಡವರಿಸಿದ. ಅವನ ಅಂಗಿಯ ಮೇಲೆ ಚಹಾಪುಡಿ ಚೆಲ್ಲಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಲೆ ಹಚ್ಚಿದವನ ಮುಖ. ಹೆಂಡತಿ ಒಳಗೆ ಮೂರು ದಿನದಿಂದ ಮಲಗಿದ್ದಳು. ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕೂತು, ಹೆದರಿಸದೆ, ಗದರದೆ, ಅವರಿಗೆ ಒಪ್ಪುವ ಹಾಗೆ ಮಾತಾಡಿದರು. ಹೀಗೆ ಆ ವಾರ ನಾಲ್ಕು ಮನೆಯ ಜ್ವರ ಹೊರಗೆ ಬಂತು, ನಾಲ್ವರೂ ಸಕಾಲಕ್ಕೆ ಔಷಧ ಪಡೆದರು. ನಾನು ಎದೆ ಉಬ್ಬಿಸಿಕೊಂಡು ನಡೆಯತೊಡಗಿದೆ. ಈಗ ಬಂತು ನೋಡು ನಾನು ಮುಚ್ಚಿಟ್ಟ ವಿಷಯ.

ಬಸ್ಸು ನಿಂತ ನಲವತ್ತೊಂದನೆಯ ದಿನ ನಮ್ಮ ಮನೆಯ ಸರದಿ. ನಾನು ಸಮೀಕ್ಷೆಯವನಾದ್ದರಿಂದ ಉತ್ತರ ಕೊಡುವ ಹಾಗಿಲ್ಲ, ಬಾಯಿ ಮುಚ್ಚಿಕೊಂಡು ಅಂಗಳದಲ್ಲಿ ನಿಲ್ಲಬೇಕು ಎಂದು ಮೇಡಂ ಆಜ್ಞೆ ಮಾಡಿದರು. ಅಮ್ಮ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಳು, ಅವಳೇ ಹೊಲಿದ ಮಾಸ್ಕ್ ಹಾಕಿಕೊಂಡು. ಮೊದಲು ಆ ಮಾಸ್ಕಿನ ಕಥೆ ಕೇಳು. ಕರ್ಟನ್ ಅಂಗಡಿಗೆ ಹೊಲಿದುಕೊಟ್ಟು ಉಳಿದ ತುಂಡುಗಳನ್ನೆಲ್ಲ ಅವಳು ಮಾಸ್ಕ್ ಮಾಡಿ ಬೀದಿಗೆಲ್ಲ ಹಂಚಿದ್ದಾಳೆ. ಈಗ ನಮ್ಮ ಬೀದಿಯಲ್ಲಿ ನಾಲ್ಕು ಜನ ನಿಂತರೆ ಯಾರದೋ ದೊಡ್ಡ ಮನೆಯ ಹಜಾರ ಎದ್ದು ಬಂದ ಹಾಗೆ ಕಾಣುತ್ತದೆ. ಇರಲಿ. ಅಮ್ಮ ಇಪ್ಪತ್ತಮೂರು ಪ್ರಶ್ನೆಗೂ ಸರಿ ಉತ್ತರ ಹೇಳಿ, ನನ್ನ ಕಡೆ ನೋಡಿ ಹುಬ್ಬು ಕುಣಿಸಿದಳು. ಇಪ್ಪತ್ತನಾಲ್ಕನೆಯದು ಜ್ವರದ್ದು. "ಛೆ, ಛೆ! ನಮ್ಮ ಮನೆ ಹೊಸ್ತಿಲು ದಾಟೋಕೆ ಜ್ವರಕ್ಕೇ ಧೈರ್ಯ ಇಲ್ಲ" ಎಂದಳು. ಮೇಡಂ ನಕ್ಕರು, ಫಾರಂ ಮಡಚಿದರು, ನಾಲಿಗೆಗೆ ರೂಢಿಯಾಗಿಬಿಟ್ಟಿತ್ತಲ್ಲ, "ಬೆಳಿಗ್ಗೆ ಚಹಾ ಮಾಡಿದ್ದು ಯಾರಮ್ಮಾ?" ಎಂದರು.

ಅಮ್ಮ ಮಾಸ್ಕಿನ ದಾರ ಸರಿಮಾಡಿಕೊಂಡಳು. ಚಹಾ ಮಾಡಿದ್ದು ನಾನು. ಅವತ್ತು, ಹಿಂದಿನ ದಿನ, ಅದರ ಹಿಂದಿನ ದಿನ, ಮೂರು ದಿನವೂ ನಾನೇ. "ಮಂಡಿ ಹಿಡ್ಕೊಂಡಿದೆ ಕಣೋ" ಎಂದಿದ್ದಳು, ನಾನು ಹೂಂ ಎಂದು ಒಲೆ ಹಚ್ಚಿದ್ದೆ. ಊರವರ ಅಂಗಿಯ ಮೇಲಿನ ಚಹಾಪುಡಿ ಎಣಿಸಿದವನಿಗೆ ತನ್ನ ಕೈಯಲ್ಲಿದ್ದ ಚಮಚ ಕಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ? ಮೇಡಂ ಅಂಗಳದಲ್ಲಿದ್ದ ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು, ಸ್ಕೇಲನ್ನು ಗೋಡೆಗೆ ಒರಗಿಸಿಟ್ಟು, "ಯಾಕಮ್ಮಾ ಹೇಳಲಿಲ್ಲ?" ಎಂದರು. ಆಗ ಅಮ್ಮ ನನಗೂ ಅದುವರೆಗೆ ಹೇಳದ ಮಾತು ಹೇಳಿದಳು. ಅವಳಿಗೆ ಒಬ್ಬ ಅಕ್ಕ ಇದ್ದಳಂತೆ. ಅಮ್ಮನಿಗೆ ಏಳು, ಅಕ್ಕನಿಗೆ ಹನ್ನೊಂದು ವರ್ಷವಿದ್ದಾಗ ಊರಿಗೆ ಯಾವುದೋ ಸಾಂಕ್ರಾಮಿಕ ಬಂತು. ಬಿಳಿ ಬಟ್ಟೆಯವರು ಮನೆಮನೆಗೆ ಬಂದು ಕೇಳುತ್ತಿದ್ದರು. ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. "ಯಾರಿಗಾದರೂ ಜ್ವರ ಇದೆಯೇನಮ್ಮಾ?" ಎಂದಾಗ ಏಳು ವರ್ಷದ ಹುಡುಗಿ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಬೇಕೆಂದು ಶಾಲೆಯಲ್ಲಿ ಕಲಿತವಳು, "ಹೂಂ, ನಮ್ಮಕ್ಕನಿಗೆ" ಎಂದಳು. ಗಾಡಿ ಬಂತು, ಅಕ್ಕನನ್ನು ಕರೆದುಕೊಂಡು ಹೋಯಿತು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ತಿಂಗಳಾದ ಮೇಲೆ ಒಂದು ಕಾಗದ ಬಂತು, ಅಷ್ಟೇ. "ನಾನು ಹೇಳದೇ ಇದ್ದಿದ್ದರೆ" ಎಂದು ಶುರು ಮಾಡಿದ ಮಾತನ್ನು ಅಮ್ಮ ಮುಗಿಸಲಿಲ್ಲ. ಅರವತ್ತು ವರ್ಷದಿಂದ ಮುಗಿಸಿಲ್ಲ ಅನಿಸುತ್ತದೆ.

ಡಾಕ್ಟರಮ್ಮನಿಗೆ ವಿಷಯ ಹೋಯಿತು. ಅವರು ವ್ಯಾನ್ ಕಳಿಸಲಿಲ್ಲ. ಅರ್ಧ ಗಂಟೆಯಲ್ಲಿ ತಾವೇ ನಡೆದು ಬಂದು, ಕಿಟಕಿಯ ಹೊರಗೆ ನಿಂತು, ಇಲ್ಲದ ದನಿಯಲ್ಲಿ ಮಾತಾಡಿದರು. "ಅಮ್ಮಾ, ಆವತ್ತು ನೀವು ಹೇಳಿದ್ದು ಸರಿ. ಕರ್ಕೊಂಡು ಹೋದ ಮೇಲೆ ಎಲ್ಲಿದ್ದಾಳೆ, ಹೇಗಿದ್ದಾಳೆ ಅಂತ ನಿಮಗೆ ಹೇಳದೇ ಇದ್ದದ್ದು ತಪ್ಪು. ಅದು ನಿಮ್ಮ ತಪ್ಪಲ್ಲ, ನಮ್ಮದು." ನಮ್ಮದು ಎಂದರು ನೋಡು, ಆಗಿನ್ನೂ ಅವರ ಅಮ್ಮನೇ ಹುಟ್ಟಿರಲಿಲ್ಲವೇನೋ. "ನಿಮ್ಮನ್ನು ಎಲ್ಲಿಗೂ ಕರ್ಕೊಂಡು ಹೋಗಲ್ಲ. ಇಲ್ಲೇ ಇರಿ. ಆಸ್ಪತ್ರೆ ಬೇಕಾದರೆ ನಿಮ್ಮನ್ನೇ ಕೇಳ್ತೀನಿ, ನಿಮ್ಮ ಮಗನಿಗೆ ದಿನಾ ಸುದ್ದಿ ಹೇಳ್ತೀನಿ." ಅಮ್ಮ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ನನಗೆ ಗದರಿದಳು, "ನಿಂತು ಏನು ನೋಡ್ತಿದ್ದೀಯ? ಆ ಹುಡುಗಿಗೆ ಗಂಟಲು ಕಟ್ಟಿದೆ, ಬಿಸಿನೀರು ಕೊಡೋ." ಆಗ ನನಗೆ ಅರ್ಧ ಜೀವ ಬಂತು.

ಪರೀಕ್ಷೆಯಲ್ಲಿ ಅಮ್ಮನಿಗೆ ರೋಗ ಇದೆ ಎಂದು ಬಂತು, ನನಗೆ ಇಲ್ಲ. ಅವಳಿಗೆ ಬೀದಿ ಕಡೆಯ ಕೋಣೆ, ನನಗೆ ಅಡುಗೆಮನೆ. ನಡುವೆ ಮುಚ್ಚಿದ ಬಾಗಿಲು. ಬೆರಳಿಗೆ ಸಿಕ್ಕಿಸುವ ಒಂದು ಕ್ಲಿಪ್ ಕೊಟ್ಟಿದ್ದರು, ಅದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುತ್ತದೆ. ಅವಳು ಒಳಗಿನಿಂದ "ತೊಂಬತ್ತಾರು!" ಎಂದು ಕೂಗುವಳು, ನಾನು ಗೋಡೆಯ ಮೇಲೆ ಬರೆಯುವೆ. ನಾಲ್ಕನೆಯ ದಿನ ಮಧ್ಯಾಹ್ನ ಕೂಗು ಬರಲಿಲ್ಲ. ಬಾಗಿಲು ಬಡಿದೆ. "ತೊಂಬತ್ತೊಂದು" ಎಂದಳು, ಮೆಲ್ಲಗೆ. ತೊಂಬತ್ತನಾಲ್ಕಕ್ಕಿಂತ ಕೆಳಗಿಳಿದರೆ ತಕ್ಷಣ ಹೇಳಿ ಎಂದಿದ್ದ ಡಾಕ್ಟರಮ್ಮನಿಗೆ ಕರೆ ಮಾಡಿದೆ, ಗುಬ್ಬಚ್ಚಿ. ಅದೇ ಹೊತ್ತಿಗೆ ನೀನು ಫೋನ್ ಮಾಡಿ, ಮಗು ಮೊದಲ ಸಲ ನಕ್ಕಳು ಎಂದೆ. "ಅತ್ತೆ ಎಲ್ಲಿ?" ಎಂದು ನೀನು ಕೇಳಿದೆ. "ಮಂಡಿನೋವು, ಮಲಗಿದ್ದಾಳೆ" ಎಂದೆ ನಾನು. ನೀನು ಹಸಿ ಬಾಣಂತಿ, ದಾರಿಯೆಲ್ಲ ಬಂದ್, ಹೇಳಿದರೆ ನೀನು ಏನು ಮಾಡಬಲ್ಲೆ ಅಂದುಕೊಂಡೆ. ಇನ್ನೂರು ಮನೆಯವರು ನನಗೆ ಸುಳ್ಳು ಹೇಳಿದರು ಎಂದು ನಗುತ್ತಿದ್ದವನು ಮೂವತ್ತು ದಿನ ನಿನಗೆ ಅದನ್ನೇ ಮಾಡಿದೆ. ಅವರು ಯಾಕೆ ಸುಳ್ಳು ಹೇಳಿದರೆಂದು ಆಗ ಅರ್ಥವಾಯಿತು, ಹೆದರಿಕೆಯಷ್ಟೇ ಅಲ್ಲ, ಅದರಲ್ಲಿ ಪ್ರೀತಿಯೂ ಇರುತ್ತದೆ. ಆದರೂ ತಪ್ಪು ತಪ್ಪೇ. ಕ್ಷಮಿಸು. ಡಾಕ್ಟರಮ್ಮ ಓಡಿ ಬಂದರು, ಅಮ್ಮನನ್ನು ಬೋರಲು ಮಲಗಿಸಿದರು, ಒಂದು ಸಿಲಿಂಡರ್ ತರಿಸಿ ಮೂಗಿಗೆ ನಳಿಗೆ ಹಾಕಿದರು. ಸಂಜೆಗೆ ತೊಂಬತ್ತನಾಲ್ಕು. ಮರುದಿನ ತೊಂಬತ್ತಾರು. ಎಂಟನೆಯ ದಿನ ಬಾಗಿಲ ಹಿಂದಿನಿಂದ ಕೂಗು ಬಂತು, "ಹೊಲಿಗೆ ಯಂತ್ರ ಒಳಗೆ ತಳ್ಳು, ಕೈ ಕಟ್ಟಿಕೊಂಡು ಕೂತು ಸಾಕಾಯ್ತು." ನಾನು ಅಡುಗೆಮನೆಯಲ್ಲಿ ಒಬ್ಬನೇ ಕುಣಿದೆ. ಎದುರು ಮನೆಯವರು ನೋಡಿದರಂತೆ, ನೋಡಲಿ.

ವಾಸಿಯಾದ ಮೇಲೆ ಅಮ್ಮ ಸುಮ್ಮನಿರಲಿಲ್ಲ. ಬೀದಿಯ ಕಿಟಕಿಯಲ್ಲಿ ಕೂತು, ಹೋಗಿಬರುವವರನ್ನೆಲ್ಲ ನಿಲ್ಲಿಸಿ, "ನನಗೆ ಬಂದಿತ್ತು, ಹೋಯ್ತು. ಯಾರೂ ನನ್ನನ್ನು ಎತ್ಕೊಂಡು ಹೋಗಲಿಲ್ಲ. ಮುಚ್ಚಿಡಬೇಡಿ, ಹೇಳಿ" ಎನ್ನತೊಡಗಿದಳು. ನಮ್ಮ ಫಾರಂ, ಮೇಡಂರ ಸ್ಕೇಲು, ಕಚೇರಿಯ ಭಿತ್ತಿಪತ್ರ ಇವುಗಳಿಂದ ಆಗದ್ದು ಆ ಒಂದು ಕಿಟಕಿಯಿಂದ ಆಯಿತು. ಡಾಕ್ಟರಮ್ಮ ಕಚೇರಿಯಲ್ಲಿ ಜಗಳವಾಡಿ ನಮ್ಮ ಬೀದಿಗಳಿಗೆ ಸೈರನ್ ಬೇಡ, ಕೆಂಪು ಚೀಟಿ ಬೇಡ ಎಂದು ಒಪ್ಪಿಸಿದರು. ಮೇಡಂ ಅಂಚಿನ ಪೆನ್ಸಿಲ್ ಬರಹವನ್ನೆಲ್ಲ ಪೆನ್ನಿನಲ್ಲಿ ನಕಲು ಮಾಡಿ ಕೊಟ್ಟರು. ಅದನ್ನು ನೋಡಿ ಹಳೇ ಕಟ್ಟಡದ ಪ್ರತಿ ಅಂತಸ್ತಿಗೂ ಒಂದೊಂದು ನಲ್ಲಿ ಹಾಕಿದರು. ಸೋಪು ಮಾಯವಾಗುವುದಕ್ಕೆ ಪರಿಹಾರ ಅಮ್ಮನದು. ಪರದೆಯ ಜಾಲರಿ ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು, ಸೋಪನ್ನು ಒಳಗೆ ಹಾಕಿ ಬಾಯಿ ಹೊಲಿದು, ನಲ್ಲಿಗೇ ಕಟ್ಟಿದಳು. ಚೀಲದ ಮೇಲಿಂದಲೇ ಉಜ್ಜಿದರೆ ನೊರೆ ಬರುತ್ತದೆ. ಮೊದಲ ನಲ್ಲಿಯ ಮೊದಲ ನೀರಿಗೆ ಇಡೀ ಕಟ್ಟಡದವರು ಅವರವರ ಮೆಟ್ಟಿಲ ಮೇಲೆ ದೂರ ದೂರ ನಿಂತು ಕೂಗು ಹಾಕಿದ್ದು ಡಿಪೋವರೆಗೆ ಕೇಳಿಸಿತಂತೆ.

ಮೊನ್ನೆ ಎರಡನೆಯ ಸಮೀಕ್ಷೆ ಮುಗಿಯಿತು. ತಿಳಿವಳಿಕೆ ಅದೇ ತೊಂಬತ್ತೆಂಟು. ನಡವಳಿಕೆ ಎಪ್ಪತ್ತೊಂದು. ಊರಿಗೆ ಫಸ್ಟ್ ಇದ್ದ ನಾವು ಕೆಳಗಿನಿಂದ ಎರಡನೆಯವರು. ಕಚೇರಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಡಾಕ್ಟರಮ್ಮ ಒಬ್ಬರೇ ತಟ್ಟಿದರು. ಶಿಬಿರದ ಮೂವತ್ತು ಕುರ್ಚಿಗಳೂ ತುಂಬಿ, ಬಾಗಿಲಾಚೆ ವಾಚ್ ಅಜ್ಜ, ಪೈಲ್ವಾನ್, ಇಸ್ಪೀಟಿನ ಒಂಬತ್ತು ಜನ ಸಾಲಾಗಿ ನಿಂತಿದ್ದರು. "ಇದು ನಿಜವಾದ ಎಪ್ಪತ್ತೊಂದು. ಇದನ್ನು ಹಿಡ್ಕೊಂಡು ಕೆಲಸ ಮಾಡಬಹುದು" ಎಂದರು. ದನಿ ಪೂರ್ತಿ ಬಂದಿತ್ತು. ಕೇಳಲು ಎಷ್ಟು ಚೆಂದದ ದನಿ! ಮೂರು ವಾರದಿಂದ ನಮ್ಮ ಬೀದಿಯಿಂದ ಒಬ್ಬರೂ ಉಸಿರು ಸಿಕ್ಕಿಕೊಂಡು ಆಸ್ಪತ್ರೆಗೆ ಹೋಗಿಲ್ಲ.

ಕೆಳಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಇವನಿಗೆ ಎಂದೂ ತಾಳ್ಮೆ ಇರಲಿಲ್ಲ. ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳು; ಚಿಕ್ಕಪ್ಪನಿಗೂ, ಫೋನಿಗೆ ಅಷ್ಟು ಹತ್ತಿರ ಬಾಯಿ ತರಬೇಡಿ ಎನ್ನುವ ಮಾತಿನ ಜೊತೆಗೆ. ನನ್ನ ಪುಟ್ಟ ಗುಬ್ಬಚ್ಚಿಗೆ ಹಣೆಗೊಂದು, ಎರಡು ಅಂಗಾಲಿಗೆ ಒಂದೊಂದು ಮುತ್ತು, ಅಜ್ಜಿಯ ಲೆಕ್ಕದಲ್ಲಿ ಇನ್ನೂ ನಾಲ್ಕು. ನೂರು ವರ್ಷ ನಗುತ್ತ ಬಾಳಲಿ. ನಿನಗೆ ಏನು ಕಳಿಸಲಿ? ಪತ್ರದಲ್ಲಿ ಹಿಡಿಸುವಂಥದ್ದಲ್ಲ.

ನಿನ್ನವನೇ ಆದ,
ಕಂಡಕ್ಟರ್

ತಾ.ಕ.: ಬರೆಯಲು ಕೂತದ್ದೇ ಇದಕ್ಕೆ, ಮಾತಿನ ಭರದಲ್ಲಿ ಉಳಿದೇಬಿಟ್ಟಿತು! ಸೋಮವಾರದಿಂದ ಬಸ್ಸು ಬಿಡುತ್ತಾರೆ, ಒಂದಕ್ಕೆ ಇಪ್ಪತ್ತೇ ಜನ. ಯಾವ ದಾರಿ ಬೇಕು ಎಂದು ಡಿಪೋದಲ್ಲಿ ಕೇಳಿದರು, ನಿಮ್ಮ ಊರಿನ ಹೆಸರನ್ನು ಎರಡೆರಡು ಸಲ ಹೇಳಿದೆ. ಮಧ್ಯಾಹ್ನ ಹನ್ನೆರಡಕ್ಕೆ ತಲುಪುತ್ತೇನೆ. ನಿನ್ನೆ ಮತ್ತೆ ಪರೀಕ್ಷೆ ಮಾಡಿಸಿದೆ, ನನಗೆ ಏನೂ ಇಲ್ಲ. ಮೊದಲ ಸೀಟಿನಲ್ಲಿ ಅಮ್ಮ ಬರುತ್ತಾಳೆ, ಒಂದು ತಿಂಗಳು ಇರುತ್ತಾಳಂತೆ, ಅತ್ತೆಗೆ ಈಗಲೇ ಸೂಕ್ಷ್ಮವಾಗಿ ತಿಳಿಸಿಬಿಡು. ಇನ್ನೊಂದು ಮಾತು. ಮಗು ನನ್ನನ್ನು ಮೊದಲ ಸಲ ನೋಡುವಾಗ ನನ್ನ ಅರ್ಧ ಮುಖ ಪರದೆಯ ಹೂವಿನಲ್ಲಿ ಮುಚ್ಚಿರುತ್ತದೆ, ಅಪ್ಪ ಅಂದರೆ ಇಷ್ಟೇ ಅಂದುಕೊಂಡಾಳು. ನೀನು ಅವಳನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿ. ನಾನು ಗೇಟಿನ ಆಚೆ, ಬಿಸಿಲಲ್ಲಿ ನಿಂತು, ಒಂದು ಗಳಿಗೆ ಮಾಸ್ಕ್ ತೆಗೆಯುತ್ತೇನೆ. ನೋಡಿ ಮುಗಿದ ಮೇಲೆ ಬಾಗಿಲು ತೆಗೆಯಿರಿ.